ಎಕ್ಸ್‌ರೇ ಕೇಂದ್ರದ ಹೊಸ್ತಿಲಕ್ಕ

ಚಪ್ಪಲಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಎಕ್ಸ್‌ರೇ ಕೇಂದ್ರಕ್ಕೆ ಯಜಮಾನರು ಬೇರೆ ಇದ್ದರೂ ಅಲ್ಲಿನ ಕಂಪ್ಯೂಟರಿಗೆ ಯಜಮಾನಿ ಒಬ್ಬಳೇ. ಚಿತ್ರ ತೆಗೆಯುವವಳೂ ಅವಳೇ, ತೆಗೆದ ಚಿತ್ರಗಳನ್ನು ಕಾಯುವವಳೂ ಅವಳೇ. ಅವಳ ಅಪ್ಪಣೆಯಿಲ್ಲದೆ ಆ ಕಂಪ್ಯೂಟರಿನೊಳಗೆ ನೊಣವೂ ನುಸುಳದು ಎಂದು ಜೊತೆಯವರು ಅವಳಿಗೆ ಹೊಸ್ತಿಲಕ್ಕ ಎಂದು ಹೆಸರಿಟ್ಟಿದ್ದರು.

ಚಿತ್ರ ನೋಡಿ ವರದಿ ಬರೆಯುವ ಡಾಕ್ಟರು ಇದ್ದದ್ದು ಬೇರೆ ಊರಿನಲ್ಲಿ. ರಿಮೋಟ್ ಡೆಸ್ಕ್‌ಟಾಪ್ ಎಂಬ ತಂತ್ರಾಂಶದ ಮೂಲಕ ಅವರು ತಮ್ಮ ಮನೆಯಲ್ಲೇ ಕುಳಿತು ಈ ಕಂಪ್ಯೂಟರಿನೊಳಗೆ ಬರುತ್ತಿದ್ದರು. ಆಗ ಇಲ್ಲಿ ಯಾರೂ ಮುಟ್ಟದೆಯೇ ಪರದೆಯ ಮೇಲಿನ ಬಾಣ ಓಡಾಡುತ್ತಿತ್ತು. ಕಸ ಗುಡಿಸುವ ಅಜ್ಜಿ ಮೊದಲ ಸಲ ಅದನ್ನು ಕಂಡು ಪೊರಕೆ ಎತ್ತಿ ನಿಂತಿದ್ದಳು.

"ಅಮ್ಮಾ, ಇದಕ್ಕೆ ದೆವ್ವ ಹಿಡಿದಿದೆ!"

"ದೆವ್ವ ಅಲ್ಲ ಅಜ್ಜಿ, ಡಾಕ್ಟರು. ಯಾರೇ ಆಗ್ಲಿ, ನಾನು ಹೂಂ ಅನ್ನದೆ ಒಳಗೆ ಬರೋ ಹಾಗಿಲ್ಲ."

ಅವಳ ಪದ್ಧತಿಯೇ ಹಾಗಿತ್ತು. ಯಾರಾದರೂ ಸಂಪರ್ಕ ಬಯಸಿದರೆ ಪರದೆಯ ಮೇಲೆ ಅವರ ಹೆಸರಿನ ಚೌಕವೊಂದು ಮೂಡಿ, ಒಪ್ಪಿಗೆಯೋ ನಿರಾಕರಣೆಯೋ ಎಂದು ಕೇಳುತ್ತಿತ್ತು. ಹೆಸರು ಕಂಡ ಮಾತ್ರಕ್ಕೆ ಅವಳು ಒತ್ತುತ್ತಿರಲಿಲ್ಲ. ಮೊದಲು ಆ ವ್ಯಕ್ತಿಗೆ ಫೋನು ಮಾಡುವಳು, ದನಿ ಕೇಳುವಳು, ಆಮೇಲೆ ಒಪ್ಪಿಗೆ. ಬಂದವರು ಹೊರಡುವವರೆಗೆ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಪಕ್ಕದಲ್ಲಿಟ್ಟ ಚಹಾ ಕೆನೆಗಟ್ಟುತ್ತಿತ್ತು.

"ನಾನೇ ಕಣಮ್ಮ, ಇನ್ಯಾರು ಬರ್ತಾರೆ?" ಎಂದು ಡಾಕ್ಟರು ಒಮ್ಮೆ ರೇಗಿದ್ದರು.

"ಗೊತ್ತು ಸಾರ್. ಆದ್ರೂ ನಿಮ್ಮ ಬಾಯಲ್ಲೇ ಕೇಳಿದ್ರೆ ನನಗೊಂದು ಸಮಾಧಾನ."

ಡಾಕ್ಟರು ನಕ್ಕುಬಿಟ್ಟರು. ನಗದೆ ಮುನಿದುಕೊಂಡವನು ಅವಳ ಒಡಹುಟ್ಟಿದ ತಮ್ಮ.

ಆ ವ್ಯವಸ್ಥೆಯನ್ನೆಲ್ಲ ಕೂಡಿಸಿಕೊಟ್ಟವನು ಅವನೇ. ಅದನ್ನು ನೋಡಿಕೊಳ್ಳುವ ಸಂಸ್ಥೆಯಲ್ಲಿ ಕೆಲಸಕ್ಕಿದ್ದಾಗ ಅವನೊಬ್ಬನಿಗೆ ಮಾತ್ರ ಕೇಳದೆಯೇ ಒಳಬರುವ ಸಲುಗೆಯಿತ್ತು. ಅವನು ಕೆಲಸ ಬಿಟ್ಟು ಸ್ವಂತ ಉದ್ಯೋಗ ಹಿಡಿದಾಗ, ನಿಯಮದಂತೆ ಅವನ ಕಂಪ್ಯೂಟರನ್ನು ಒಳಬರಬಲ್ಲವರ ಪಟ್ಟಿಯಿಂದ ಪೂರ್ತಿ ತೆಗೆದುಹಾಕಬೇಕಿತ್ತು. ಆದರೆ ಕರುಳು ಕೇಳಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು, ಇನ್ನು ಮುಂದೆ ಅವನೂ ಕೇಳಿಯೇ ಬರಲಿ ಎಂಬಷ್ಟಕ್ಕೆ ನಿಲ್ಲಿಸಿದಳು. ಅಷ್ಟಕ್ಕೇ ಅವನು ಮುಖ ಊದಿಸಿಕೊಂಡ. ಅಕ್ಕನ ಮನೆಯ ಕಡೆ ತಲೆ ಹಾಕುವುದನ್ನೂ ಬಿಟ್ಟ.

"ಅವನು ಹೊರಗಿನವನೇನೇ? ಒಂದು ಗುಂಡಿ ಒತ್ತೋಕೆ ಇಷ್ಟು ಹಟವಾ?" ಎಂದು ತಾಯಿ ಫೋನಿನಲ್ಲಿ ಅತ್ತಳು. ಹೊಸ್ತಿಲಕ್ಕನಿಗೂ ಅದು ಹಿತವಾಗಿರಲಿಲ್ಲ. ಆದರೆ ಅಂಗಿ ಕಳಚಿ, ಉಸಿರು ಬಿಗಿಹಿಡಿದು, ಎದೆಯ ಒಳಗನ್ನೇ ತೋರಿಸಿ ಹೋದವರ ಚಿತ್ರಗಳು ಅಲ್ಲಿದ್ದವು. ಅವು ತಮ್ಮನ ಸಲುಗೆಗೆ ಒತ್ತೆಯಿಡಲು ಅವಳ ಸ್ವಂತ ಒಡವೆಗಳಾಗಿರಲಿಲ್ಲ.

ಒಂದು ಮಧ್ಯಾಹ್ನ, ಬೆಂಚುಗಳು ಬರಿದಾಗಿದ್ದ ಹೊತ್ತಿನಲ್ಲಿ, ತಮ್ಮ ಮೆಟ್ಟಿಲೇರಿ ಬಂದ.

"ಕೊನೇ ಮಾತು ಕೇಳೋಕೆ ಬಂದೆ. ಮೊದಲಿನ ಹಾಗೆ ಬಿಡ್ತೀಯೋ ಇಲ್ವೋ?"

"ಕೂತ್ಕೊಳೋ ಮೊದಲು. ನೀರು ಬೇಕಾ?"

"ನೀರೂ ಬೇಡ, ನೆರಳೂ ಬೇಡ. ಎತ್ತಿ ಆಡಿಸಿದವಳು ನೀನೇ, ಈಗ ಕಳ್ಳನ ಹಾಗೆ ನೋಡೋಳೂ ನೀನೇ. ಬಿಡಲ್ಲ ಅಂದ್ರೆ ಹೇಳು, ಇನ್ನು ನಿನ್ನ ಮನೆ ಹೊಸ್ತಿಲು ತುಳಿಯಲ್ಲ."

ಅವಳ ಕಣ್ಣು ತುಂಬಿ ಬಂತು. "ಬಿಡಲ್ಲ ಕಣೋ," ಎಂದಳು. "ನೀನು ಅಂತ ಅಲ್ಲ, ಅಪ್ಪ ಎದ್ದು ಬಂದ್ರೂ ಬಿಡಲ್ಲ."

ತಮ್ಮ ಸರ್ರನೆ ತಿರುಗಿ ಬಾಗಿಲಿಗೆ ಕೈಯಿಟ್ಟ. ಅಷ್ಟರಲ್ಲಿ ಕಂಪ್ಯೂಟರು ಟಣ್ ಎಂದಿತು. ಪರದೆಯ ನಡುವೆ ಚೌಕ. ಚೌಕದೊಳಗೆ ತಮ್ಮನ ಹೆಸರು. ಒಳಬರಲು ಅನುಮತಿ ಬೇಡುತ್ತಿತ್ತು.

ಅಕ್ಕ ಚೌಕವನ್ನು ನೋಡಿದಳು, ತಮ್ಮನನ್ನು ನೋಡಿದಳು. "ನೀನು ಇಲ್ಲಿದ್ದೀಯ. ಅಲ್ಲಿರೋನು ಯಾರೋ?"

ಅವನು ಹತ್ತಿರ ಬಂದು ಬಾಗಿ ನೋಡಿದ. ಮುಖ ಸುಣ್ಣವಾಯಿತು. "ಅಯ್ಯೋ... ಹಳೇ ಲ್ಯಾಪ್‌ಟಾಪು! ಹಳೇ ಸಾಮಾನಿನ ಅಂಗಡಿಗೆ ಮೊನ್ನೆ ಮಾರಿದೆ. ಫೋಟೋ, ಹಾಡು ಎಲ್ಲ ಅಳಿಸಿದ್ದೆ ಅಕ್ಕ. ಈ ರಿಮೋಟ್ ಡೆಸ್ಕ್‌ಟಾಪನ್ನ ಮರೆತುಬಿಟ್ಟೆ."

"ಮೊದಲಿನ ಹಾಗೇ ಬಿಟ್ಟಿದ್ದಿದ್ರೆ ಅವನು ಕೇಳ್ತಿರಲಿಲ್ಲ."

ತಮ್ಮ ತಾನೇ ಕೈಚಾಚಿ ನಿರಾಕರಣೆ ಒತ್ತಿದ. ಮರುಕ್ಷಣ ಚೌಕ ಮತ್ತೆ ಮೂಡಿತು.

"ಬಿಡಲ್ವಲ್ಲೇ ಇವನು!"

"ನಿನ್ನ ಹೆಸರಿಟ್ಕೊಂಡಿದ್ದಾನಲ್ಲ, ಹಟ ಇರದೇ ಇರುತ್ತಾ?" ಎನ್ನುತ್ತ ಅಕ್ಕ, ಅವನು ಕೆಲಸ ಬಿಟ್ಟ ದಿನವೇ ಮಾಡಬೇಕಿದ್ದ ಕೆಲಸವನ್ನು ಆಗ ಮಾಡಿದಳು. ತಮ್ಮನ ಕಂಪ್ಯೂಟರನ್ನು ಪಟ್ಟಿಯಿಂದ ಪೂರ್ತಿಯಾಗಿ ತೆಗೆದುಹಾಕಿದಳು. ಚೌಕ ಮತ್ತೆ ಬರಲಿಲ್ಲ. "ಇದು ನನ್ನ ತಪ್ಪೂ ಹೌದು," ಎಂದು ಕೇಂದ್ರದ ಯಜಮಾನರಿಗೂ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದಳು.

ಸಂಜೆ ಕೇಂದ್ರಕ್ಕೆ ಬೀಗ ಹಾಕಿ, ಅಕ್ಕ ತಮ್ಮ ಒಂದೇ ಸ್ಕೂಟರಿನಲ್ಲಿ ಆ ಅಂಗಡಿಗೆ ಹೋದರು. ಅಂಗಡಿಯವನು ಪಾಪದವನು. "ಯಾವುದು ಏನು ಮಾಡತ್ತೆ ಅಂತ ಒತ್ತಿ ನೋಡ್ತಿದ್ದೆ ಸ್ವಾಮಿ, ಅಷ್ಟೇ" ಎಂದು ಲ್ಯಾಪ್‌ಟಾಪನ್ನು ಮುಂದೆ ತಳ್ಳಿದ. ತಮ್ಮ ಅಲ್ಲೇ ನಿಂತು ಅದರ ಹೊಟ್ಟೆಯನ್ನೆಲ್ಲ ಅಳಿಸಿ ಬರಿದು ಮಾಡಿದ. ಅಕ್ಕ ಕೊನೆಯವರೆಗೂ ಪರದೆಯಿಂದ ಕಣ್ಣು ಕೀಳಲಿಲ್ಲ.

ಹೊರಗೆ ಬಂದಾಗ ಬೀದಿದೀಪಗಳು ಹತ್ತಿಕೊಳ್ಳುತ್ತಿದ್ದವು. ತಮ್ಮ ಒಂದಷ್ಟು ಹೊತ್ತು ಕಾಲಿನಿಂದ ಕಲ್ಲು ಒದೆಯುತ್ತ ನಿಂತಿದ್ದ. ಆಮೇಲೆ ತಲೆ ತಗ್ಗಿಸಿಕೊಂಡೇ ಕೇಳಿದ: "ಅಕ್ಕ, ಮನೇಲಿ ಊಟಕ್ಕೆ ಏನಿದೆ?"

"ಬಂದು ಮುಚ್ಚಳ ತೆಗೆದು ನೋಡು," ಎಂದು ಅವಳು ಸ್ಕೂಟರು ಹೊರಡಿಸಿದಳು.