ನಾಲ್ಕು ಟ್ಯೂಬಿನ ಬೆಲ್ಲ

ಟಣ ಟಣ ಟಣ ಟಣ.

ಟ್ರ್ಯಾಕ್ಟರ್ ಕೂರಿಗೆಯ ತಗಡಿನ ಡಬ್ಬಿಗೆ ತೊಗರಿ ಕಾಳು ಬೀಳುವ ಸದ್ದು. ಹೋದ ವರ್ಷ ಜೂನಿನಲ್ಲಿ, ಚಿಂಚೋಳಿ ತಾಲೂಕಿನ ಐನಾಪುರದಲ್ಲಿ, ಬದುವಿನ ಮೇಲೆ ಕೊಡೆ ಹಿಡಿದು ನಿಂತು ಕೇಳಿದ್ದು. ಈಗಲೂ ಕಿವಿಯಲ್ಲಿದೆ.

ಕಾಳು ಹಾಕಿದವಳು ಸುಗಲಾಬಾಯಿ. ಆ ಹೊಲ ಅವಳದಲ್ಲ. ಟ್ರ್ಯಾಕ್ಟರೂ ಅವಳದಲ್ಲ. ಆದರೂ ಮೊದಲ ಹಿಡಿ ಅವಳದೇ ಆಗಬೇಕು. 'ಆಕಿ ಕೈಗುಣ ಭಾಳ ಛಲೋ ಅದರಿ' ಅಂತ ಊರಿಗೆ ಊರೇ ಹೇಳುತ್ತಿತ್ತು. ಬಿತ್ತನೆಯ ದಿನಗಳಲ್ಲಿ ಅವಳು ಮನೆಯಲ್ಲಿ ಕೂತು ಉಂಡದ್ದೇ ಇಲ್ಲ. ಒಂದು ಹೊಲದಿಂದ ಇನ್ನೊಂದಕ್ಕೆ ಬೈಕಿನ ಮೇಲೆ ಕರೆದೊಯ್ಯುತ್ತಿದ್ದರು, ಥೇಟ್ ವಿಐಪಿ.

(ಕೈಗುಣ ಅನ್ನುವುದು ಸೈಂಟಿಫಿಕ್ ಅಲ್ಲ ಅಂತ ನನಗೆ ಪತ್ರ ಬರೆಯಬೇಡಿ. ಕಾನ್ವೆಂಟಿನಲ್ಲಿ ಓದಿದವಳು, ಅಷ್ಟು ನನಗೂ ಗೊತ್ತು.)

ನಾನು ಚಿಂಚೋಳಿಯಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದಾಗ ಸುಗಲಾಳ ಮಗಳು ನನ್ನ ಸ್ಟೂಡೆಂಟ್. ರಿಟೈರ್ ಆಗಿ ಸೇಡಂಗೆ ಬಂದು ಎಷ್ಟೋ ವರ್ಷವಾಯಿತು. ನನ್ನ ಮನೆಯ ತೊಗರಿಬೇಳೆ ಮಾತ್ರ ಇವತ್ತಿಗೂ ಅವಳ ಹೊಲದ್ದೇ.

ಹೋದ ವರ್ಷ ಆಗಸ್ಟಿನಲ್ಲಿ ಒಂದು ರಿಸರ್ಚ್ ಟೀಮ್ ಬಂತು. ಎಲ್ಲಿಯವರು ಅಂತ ಬರೆಯುವುದಿಲ್ಲ. ಅವರವರಿಗೆ ಗೊತ್ತಾದರೆ ಸಾಕು. ಶಹಾಬಾದಿನ ಹಳೇ ಫರ್ಸಿಕಲ್ಲಿನ ಗಣಿಗಳಲ್ಲಿ ನಿಂತ ನೀರು, ವಾಡಿಯ ಸುಣ್ಣದ ಮಣ್ಣು, ಚಿತ್ತಾಪುರದ ಬಾವಿ, ಮಳಖೇಡದ ಹತ್ತಿರ ಕಾಗಿಣಾ ದಂಡೆಯ ಕೆಸರು, ಚಂದ್ರಂಪಳ್ಳಿ ಡ್ಯಾಮಿನ ತಳದ ರಾಡಿ, ಎಲ್ಲವೂ ಅವರಿಗೆ ಬೇಕು. ಯಾಕೆ? ಅದರೊಳಗಿನ ಕಣ್ಣಿಗೆ ಕಾಣದ ಜೀವಿಗಳಿಗಾಗಿ. ಒಂದು ಜೀವಿಯನ್ನು ಆ ಜೀವಿಯನ್ನಾಗಿ ಮಾಡುವ ಒಳಗಿನ ಇಡೀ ಬರಹಕ್ಕೆ ಜೀನೋಮ್ ಅನ್ನುತ್ತಾರೆ. ಅದನ್ನು ಮಷೀನಿಗೆ ಕೊಟ್ಟು ಅಕ್ಷರ ಅಕ್ಷರ ಓದಿಸುವುದು. ಒಂದೆರಡು ಜೀವಿಗಳದ್ದಲ್ಲ, ಸಾವಿರಾರು ಬಗೆಯವುಗಳದ್ದು. ಓದಿದ್ದನ್ನು ಜಗತ್ತಿಗೆಲ್ಲ ತೆರೆದಿಡುವುದು.

ಎಂಥ ವಂಡರ್‌ಫುಲ್ ಕೆಲಸ! ನಾನು ಅಣಕಿಸುತ್ತಿಲ್ಲ. ನನ್ನ ತಾಯಿಯ ಟಿಬಿ ವಾಸಿ ಮಾಡಿದ ಇಂಜೆಕ್ಷನ್ ಕೂಡ ಮಣ್ಣಿನ ಒಂದು ಜೀವಿಯಿಂದ ಬಂದದ್ದೇ. ಆ ಇಂಜೆಕ್ಷನ್ ಇರದಿದ್ದರೆ ನಾನು ತಾಯಿಯ ಕೈತುತ್ತು ತಿನ್ನುತ್ತಿರಲಿಲ್ಲ. ಹಾಗಾಗಿ ಟೀಮಿನವರು 'ರೈತರ ಜೊತೆ ಮಾತಾಡಲು ಇಂಗ್ಲಿಷ್ ಬಲ್ಲವರು ಯಾರಾದರೂ ಬೇಕು' ಅಂದಾಗ ನಾನೇ ಮುಂದಾದೆ. (ಮಾತಾಡಲು ಜನ ಸಿಗದೆ ನನ್ನ ಇಂಗ್ಲಿಷ್ ತುಕ್ಕು ಹಿಡಿದಿತ್ತು. ಅದೂ ಒಂದು ಕಾರಣ.)

ಸುಗಲಾಳ ಹೊಲಕ್ಕೆ ಕರೆದುಕೊಂಡು ಹೋದವಳೂ ನಾನೇ. ಸುತ್ತಲಿನ ತೊಗರಿ ನೆಟೆ ರೋಗಕ್ಕೆ ನಿಂತ ನಿಂತಲ್ಲೇ ಒಣಗುತ್ತದೆ. ಅವಳ ಹೊಲದಲ್ಲಿ ಅಷ್ಟಾಗಿ ಇಲ್ಲ. ಬೇರಿನ ಗಂಟಿನಲ್ಲಿ ಏನೋ ಇರಬೇಕು ಅಂತ ಟೀಮಿನ ಡಾಕ್ಟರ್ ಸಾಹೇಬರ ಕಣ್ಣು ಅರಳಿತು.

'ಇವರು ಬೇರು ಒಯ್ದು ಏನ್ ಮಾಡ್ತಾರ್ರಿ, ಅಕ್ಕಾರ?' ಅಂತ ಸುಗಲಾ ಕೇಳಿದಳು.

'ಅದರಾಗಿನ ಸಣ್ಣ ಸಣ್ಣ ಹುಳದ ಜಾತಕ ಓದ್ತಾರವ್ವ.'

'ಹುಳದ್ದಾ? ನನ್ನ ಮಗಳ ಜಾತಕಾನೇ ಒಬ್ಬರೂ ಬರೋಬರಿ ಓದಲಿಲ್ಲ. ಇವರೇನ್ ಓದ್ತಾರ, ನೋಡಮ್ ತಗೋರಿ!'

ಟೀಮಿಗೆ ಅವಸರ. ಅವಳ ಕೈಗೆ ಗ್ಲೌಸು ಮತ್ತು ಹನ್ನೆರಡು ಪ್ಲಾಸ್ಟಿಕ್ ಟ್ಯೂಬು ಕೊಟ್ಟರು. ನಾಳೆ ಬೆಳಿಗ್ಗೆ ಹೊಲದ ಎಂಟು ಕಡೆ ಗಿಡ ಕಿತ್ತು, ಬೇರಿನ ಗಂಟು ತುಂಬಿಡಿ. ಡ್ರೈವರ್ ಐಸ್ ಬಾಕ್ಸ್ ತಂದು ಒಯ್ಯುತ್ತಾನೆ. ನಾಲ್ಕು ಹೆಚ್ಚಿಗೆ ಇರಲಿ. ಇಷ್ಟೇ ಹೇಳಿದ್ದು. ನಾನು ಇಷ್ಟನ್ನೇ ಕನ್ನಡದಲ್ಲಿ ಹೇಳಿದೆ.

ಹೇಳಿದಂತೆಯೇ ಸುಗಲಾ ಮಾಡಿದಳು. ಗ್ಲೌಸ್ ಹಾಕಿಕೊಂಡಳು, ಎಂಟು ಗಿಡ ಕಿತ್ತಳು, ಎಂಟು ಟ್ಯೂಬು ತುಂಬಿದಳು. ಉಳಿದದ್ದು ನಾಲ್ಕು ಖಾಲಿ ಟ್ಯೂಬು.

ಈಗ ಹೇಳಿ, ನಮ್ಮ ಕಡೆ ಯಾವ ಹೆಣ್ಣುಮಗಳು ಮಂದಿಯ ಡಬ್ಬಿಯನ್ನು ಖಾಲಿ ವಾಪಸ್ ಕೊಡುತ್ತಾಳೆ? ನೀವು ಕೊಡುತ್ತೀರಾ? ಪಕ್ಕದ ಮನೆಯ ಸ್ಟೀಲ್ ಡಬ್ಬಿಗೆ ಒಂದು ಚಮಚ ಸಕ್ಕರೆಯಾದರೂ ಹಾಕಿ ಕೊಡುವುದಿಲ್ಲವೇ? ಅವಳು ನಾಲ್ಕಕ್ಕೂ ಒಂದೊಂದು ಚೂರು ಕರಿ ಬೆಲ್ಲ ಹಾಕಿ ಮುಚ್ಚಳ ಬಿಗಿದಳು. ಡ್ರೈವರಿಗೆ ಬಾಯಿಬಿಟ್ಟು ಹೇಳಿದಳು ಕೂಡ: 'ಈ ನಾಕರಾಗ ಬೆಲ್ಲ ಅದ ನೋಡಪಾ.' ಅವನ ಕಿವಿಯಲ್ಲಿ ಇಯರ್‌ಫೋನು. 'ಹೂಂ ಹೂಂ' ಅಂದು ಬಾಕ್ಸ್ ಎತ್ತಿಕೊಂಡು ಹೋದ.

ನೀರೊಡೆದು ಕರಗಿದ ಕರಿ ಬೆಲ್ಲ ಬೇರಿಗೆ ಅಂಟಿದ ಕೆಸರಿನಂತೆಯೇ ಕಾಣುತ್ತದೆ. ಲ್ಯಾಬಿನವರು ಹನ್ನೆರಡನ್ನೂ ಮಷೀನಿಗೆ ಕೊಟ್ಟರು. ನಾಲ್ಕರಲ್ಲಿ ಕಬ್ಬಿನ ಗಾಣದ ಜೀವಿಗಳು ಬಂದವು! ಗಾಬರಿಯಾಗಿ ಐನಾಪುರದ ಹನ್ನೆರಡನ್ನೂ ಕಸಕ್ಕೆ ಹಾಕಿದರು. ಎಂಟು ಸರಿಯಾಗೇ ಇದ್ದವಲ್ಲ? ಒಂದು ಫೋನ್ ಮಾಡಿದ್ದರೆ? ಅವಳ ಹತ್ತಿರ ಫೋನಿದೆ. ನನ್ನ ಹತ್ತಿರ ಎರಡಿವೆ.

ಇದೆಲ್ಲ ನಮಗೆ ತಿಳಿದದ್ದು ಈ ಮಾರ್ಚಿನಲ್ಲಿ. ಟೀಮಿನವರು ಐನಾಪುರದ ಶಾಲೆಯಲ್ಲಿ ಮೀಟಿಂಗ್ ಇಟ್ಟರು. ಪ್ರೊಜೆಕ್ಟರು, ಚಹಾ, ಬಿಸ್ಕಿಟ್ಟು. ಪರದೆಯ ಮೇಲೆ ನಮ್ಮ ಭಾಗದ ಮ್ಯಾಪು, ಅದರ ತುಂಬ ಬಣ್ಣದ ಚುಕ್ಕಿ. ಶಹಾಬಾದಿಗೆ ಒಂದು, ವಾಡಿಗೆ ಒಂದು, ಮಳಖೇಡಕ್ಕೆ ಎರಡು.

'ನಮ್ಮೂರ ಚುಕ್ಕಿ ಎಲ್ಲದರಿ?' ಹಿಂದಿನ ಬೆಂಚಿನಿಂದ ಸುಗಲಾ ಕೇಳಿದಳು.

ಡಾಕ್ಟರ್ ಸಾಹೇಬರು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. 'ದಟ್ ಸೆಟ್ ವಾಸ್ ಕಂಟ್ಯಾಮಿನೇಟೆಡ್. ಲೋಕಲ್ ಹ್ಯಾಂಡ್ಲಿಂಗ್,' ಅಂದರು.

ನಾನು ಟ್ರಾನ್ಸ್‌ಲೇಟ್ ಮಾಡಿದೆ. ಚಾಚೂ ತಪ್ಪದೆ ಮಾಡಿದೆ. 'ನಿನ್ನ ಹೊಲದ್ದು ಕೆಟ್ಟಿತ್ತಂತ, ಸುಗಲಾ. ನಿನ್ನ ಕೈಯಾಗ.'

ಕೋಣೆ ತುಂಬ ಊರಿನ ಮಂದಿ. ಎಲ್ಲರೂ ಕೇಳಿಸಿಕೊಂಡರು.

'ಬೆಲ್ಲ ಹಾಕಿದ್ದಕ್ಕೇನ್ರಿ? ನಾ ಡ್ರೈವರಗ ಹೇಳಿದ್ದೆನಲ್ರೀ!' ಅಂದಳು. ಅದನ್ನೂ ಇಂಗ್ಲಿಷಿಗೆ ಮಾಡಿದೆ. ಆಗ ಸಾಹೇಬರು ಲ್ಯಾಬಿನ ಕಥೆಯನ್ನೆಲ್ಲ ಹೇಳಿ ನಕ್ಕರು. ಕೊನೆಗೆ 'ಇಟ್ಸ್ ಓಕೆ, ಅಮ್ಮಾ' ಅಂದರು. ಕ್ಷಮಿಸಿಬಿಟ್ಟರು! ಯಾರು ಯಾರನ್ನು ಕ್ಷಮಿಸಬೇಕಿತ್ತು? ಅಲ್ಲೇ ಎದ್ದು ನಿಂತು ನಾನು ಕೇಳಬೇಕಿತ್ತು. ಕೇಳಲಿಲ್ಲ. ಬಿಸ್ಕಿಟ್ ಕಡಿಯುತ್ತಾ ಕೂತಿದ್ದೆ.

ಹೊರಗೆ ಬರುವಾಗ ಒಬ್ಬ ಇನ್ನೊಬ್ಬನಿಗೆ ಹೇಳಿದ್ದು ಕಿವಿಗೆ ಬಿತ್ತು: 'ಆಕಿ ಕೈ ಛಲೋ ಇಲ್ಲಂತ ಮಷೀನಿನಾಗೇ ಬಂದದಂತ ಮಾರಾಯಾ. ಇಷ್ಟು ವರ್ಷ ನಾವೇ ಹುಚ್ಚರಾಗಿದ್ವಿ.'

ನೋಡಿದಿರಾ? ಬೆಲ್ಲದ ಕಥೆ ಎಲ್ಲೋ ಹೋಯಿತು, ಡ್ರೈವರ್ ಎಲ್ಲೋ ಹೋದ. ಉಳಿದದ್ದು ಅವಳ ಕೈ ಒಂದೇ.

ಈ ಜೂನಿನಲ್ಲಿ ಮಳೆ ಬಂತು, ಹದವೂ ಬಂತು. ಸುಗಲಾಳ ಮನೆ ಮುಂದೆ ಒಂದು ಬೈಕೂ ನಿಲ್ಲಲಿಲ್ಲ.

ಅದಕ್ಕೇ ನನಗೆ ಸಿಟ್ಟು. ಬಿಪಿ ಏರಿದರೆ ಏರಲಿ. ಒಂದು ಚಿಟಿಕೆ ಕೆಸರನ್ನು ಮುಟ್ಟಲು ಇವರಿಗೆ ಎಷ್ಟು ರೂಲ್ಸು! ಗ್ಲೌಸು, ಮಾಸ್ಕು, ಐಸು, ಲೇಬಲ್ಲು. ಎಷ್ಟು ಇಂಚು ಆಳದ ಮಣ್ಣು ಅಂತ ಬರೆದುಕೊಳ್ಳುತ್ತಾರೆ. ಕೊಟ್ಟವಳನ್ನು ಒಂದು ಮಾತು ಕೇಳಬೇಕು ಅನ್ನುವ ರೂಲ್ ಮಾತ್ರ ಯಾವ ಫಾರ್ಮಿನಲ್ಲೂ ಇಲ್ಲ. ಹೆಸರಿಲ್ಲದ ಜೀವಿಗೂ ಒಂದು ನಂಬರ್ ಕೊಟ್ಟು ಕಾಪಾಡುವವರು, ಹೆಸರಿರುವ ಹೆಂಗಸಿಗೆ 'ಲೋಕಲ್ ಹ್ಯಾಂಡ್ಲಿಂಗ್' ಅನ್ನುತ್ತಾರೆ.

ಈಮೇಲ್ ಬರೆದೆ. 'ನಿಮ್ಮ ಫೀಡ್‌ಬ್ಯಾಕಿಗೆ ಥ್ಯಾಂಕ್ಸ್' ಅಂತ ಉತ್ತರ ಬಂತು. ಫೀಡ್‌ಬ್ಯಾಕ್ ಅಲ್ಲ ಸ್ವಾಮಿ, ಅದು ಬೈಗುಳ. ನನ್ನ ಇಂಗ್ಲಿಷ್ ಅಷ್ಟು ಪೊಲೈಟ್ ಆಗಿಬಿಟ್ಟಿದೆಯೇ?

ಹಾಗಾದರೆ ಕನ್ನಡದಲ್ಲೇ ಕೇಳುತ್ತೇನೆ. ಅದೇ ಶಾಲೆಗೆ ಬನ್ನಿ, ಅದೇ ಮಂದಿಯನ್ನು ಕೂಡಿಸಿ. ಎಂಟು ಟ್ಯೂಬು ಸರಿಯಿದ್ದವು, ಕೇಳದೆ ಎಸೆದದ್ದು ನಾವು ಅಂತ ಗಟ್ಟಿಯಾಗಿ ಹೇಳಿ. ಟ್ರಾನ್ಸ್‌ಲೇಷನ್ ನಾನು ಮಾಡುತ್ತೇನೆ. ಈ ಸಲ ನನ್ನ ಪಾಲಿನ ತಪ್ಪನ್ನೂ ಸೇರಿಸಿಯೇ ಮಾಡುತ್ತೇನೆ.

ಎರಡು ವಾರದ ಹಿಂದೆ ಐನಾಪುರಕ್ಕೆ ಹೋಗಿದ್ದೆ. ಆಮೇಲೆ ಸುಗಲಾಳನ್ನು ನೋಡಲು ಆಗಿಲ್ಲ. ಅವತ್ತು ಅವಳದೇ ಹೊಲದ ಬಿತ್ತನೆ. ಅವಳು ನನ್ನ ಪಕ್ಕ ನಿಂತಿದ್ದಳು, ಎರಡೂ ಕೈ ಸೆರಗಿನೊಳಗೆ. ಕೂರಿಗೆಯ ಹತ್ತಿರ ಕಾಳಿನ ಬುಟ್ಟಿ ಹಿಡಿದು ನಿಂತಿದ್ದವಳು ಅವಳ ನೆಗೆಣ್ಣಿ, ಮೈದುನನ ಹೆಂಡತಿ.

'ಇದೇನು? ನಿನ್ನ ಹೊಲಕ್ಕ ನೀನೇ ಹಾಕಬಾರದೇನು?' ಅಂತ ಕೇಳಿದೆ.

'ಬ್ಯಾಡ್ರಿ, ಅಕ್ಕಾರ,' ಅಂದಳು. 'ನನಗ ಇರೋದು ಇದೊಂದ ಹೊಲ.'