ಇನ್ನೊಂದೇ ತಲೆಮಾರು

ಸೌದಿಯ ಅಲ್ ಖೋಬರಿನ ನಮ್ಮ ಆಫೀಸಿನಲ್ಲಿ ಅಮೆರಿಕದ ಒಬ್ಬ ವಯಸ್ಸಾದ ಇಂಜಿನಿಯರ್ ಇದ್ದರು. ಊಟದ ಬಿಡುವಿನಲ್ಲಿ ಕನ್ನಡಕ ಹಣೆಗೇರಿಸಿ, ಕಂಪ್ಯೂಟರಿಗೆ ಮೂಗು ತಾಗುವಷ್ಟು ಬಗ್ಗಿ ತಮ್ಮ ವಂಶ ಹುಡುಕುತ್ತಿದ್ದರು. ಅಮೆರಿಕದಲ್ಲಿ ಬಿಳಿಯರು ಆಗಷ್ಟೇ ನೆಲೆಯೂರುತ್ತಿದ್ದ ಕಾಲಕ್ಕೆ ಹಡಗಿನಲ್ಲಿ ಬಂದಿಳಿದ ಅವರ ಮೂಲಪುರುಷ ಸಿಕ್ಕಿದ್ದ. ಅವನ ಅಪ್ಪ ಯಾರು, ಆ ಅಪ್ಪನ ಗೋರಿ ಇಂಗ್ಲೆಂಡಿನ ಯಾವ ಊರಿನಲ್ಲಿದೆ ಎಂಬುದು ಮಾತ್ರ ಸಿಗುತ್ತಿರಲಿಲ್ಲ. “ಇನ್ನೊಂದೇ ತಲೆಮಾರು,” ಎನ್ನುತ್ತಿದ್ದರು, ನಾನು ಕೇಳದಿದ್ದರೂ. ಯಾವತ್ತೋ ಸತ್ತವರನ್ನು ಕಟ್ಟಿಕೊಂಡು ಇವರಿಗೆಂತ ಆಗಬೇಕು ಎಂದು ನನಗೆ ನಗು ಬರುತ್ತಿತ್ತು.

ನನ್ನ ಅಣ್ಣ ಪಕ್ಕದ ಥುಕ್ಬಾ ಬಡಾವಣೆಯ ತನ್ನ ರೂಮಿನಲ್ಲಿ ಎದೆನೋವಿನಿಂದ ತೀರಿಕೊಂಡಾಗ ಅವರೂ ಬಂದರು. ಮುಸ್ಲಿಮರಲ್ಲದ್ದರಿಂದ ಖಬರಸ್ಥಾನದ ಗೇಟಿನ ಹೊರಗೇ, ಟೋಪಿ ಕೈಯಲ್ಲಿ ಹಿಡಿದು ಬಿಸಿಲಲ್ಲಿ ನಿಂತಿದ್ದರು. ಮಣ್ಣು ಕೊಟ್ಟು ಹೊರಬಂದ ನನ್ನನ್ನು ಕೇಳಿದರು, “ಕಲ್ಲಿನ ಮೇಲೆ ಹೆಸರು ಬರೆಸುತ್ತೀಯಾ?”

“ಇಲ್ಲಿ ಹೆಸರು ಬರೆಯುವ ಕ್ರಮ ಇಲ್ಲ ಸರ್. ದುವಾ ಎಲ್ಲಿಂದ ಮಾಡಿದರೂ ತಲುಪುತ್ತದೆ.”

“ಯಾವ ಸಾಲು ಎಂದಾದರೂ ನೆನಪಿಟ್ಟುಕೋ. ಯಾರಾದರೂ ಹುಡುಕಿಕೊಂಡು ಬರುತ್ತಾರೆ.”

ಅಂಥ ಹೊತ್ತಿನಲ್ಲಿ ಆಡುವ ಮಾತೇ ಅದು ಎಂದು ಸಿಟ್ಟು ಬಂತು. ಆ ಒಂದು ತಲೆಮಾರು ಸಿಗದೆಯೇ ಅವರು ನಿವೃತ್ತರಾಗಿ ಹೋದರು.

ಈ ವರ್ಷ ಊರಿನಿಂದ ಮಕ್ಕಾಕ್ಕೆ ಉಮ್ರಾ ಯಾತ್ರೆಗೆ ಬಂದ ಅಣ್ಣನ ಮಗ ಖೋಬರಿಗೂ ಬಂದ. ಗೇಟು ದಾಟಿದರೆ ಕಣ್ಣು ಹಾಯುವಷ್ಟು ದೂರವೂ ಒಂದೇ ಥರದ ಮಣ್ಣದಿಬ್ಬ, ಒಂದೇ ಥರದ ಬೋಳು ಕಲ್ಲು.

“ಅಪ್ಪನದು ಯಾವುದು ಚಿಕ್ಕಪ್ಪ?”

ಸಾಲು ಎಣಿಸುವವನಂತೆ ಸ್ವಲ್ಪ ದೂರ ನಡೆದು ಯಾವುದೋ ಒಂದು ಕಲ್ಲು ತೋರಿಸಿದೆ. ಅವನು ಅಲ್ಲಿ ಕೂತು ಅತ್ತ.