ಓಣಿಯ ಬಿಸಿನೀರೆಲ್ಲ ಚಂದ್ರಿಗೆ

ಎರಡನೇ ಮಹಾಯುದ್ಧದ ಕಾಲ ಅದು. ಸೀಮೆಎಣ್ಣೆಗೆ ತತ್ವಾರ, ಸಕ್ಕರೆಯಂತೂ ಕಣ್ಣಿಗೆ ಬೀಳುತ್ತಿರಲಿಲ್ಲ. ಆದರೂ ಧಾರವಾಡದ ಹತ್ತಿರದ ಹಳ್ಳಿ ಮುಗದದ ನಮ್ಮ ಮನೆಯಲ್ಲಿ ಕೆನೆಮೊಸರಿಗೆ ಕೊರತೆಯಿರಲಿಲ್ಲ, ಏಕೆಂದರೆ ಚಂದ್ರಿ ಇದ್ದಳು. ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಎಮ್ಮೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಅವಳ ಹಾಲನ್ನು ಧಾರವಾಡದ ಪೇಡೆಯವರಿಗೆ ಹಾಕಿ ನಮ್ಮನ್ನು ಸಾಕುತ್ತಿದ್ದಳು. ನಮಗಿದ್ದದ್ದು ಅದೊಂದೇ ಎಮ್ಮೆ.

ಆ ವರ್ಷ ಆರಿದ್ರಾ ಮಳೆಯಲ್ಲಿ ಕೆರೆಯ ಕಡೆ ನೆನೆದು ಬಂದ ಚಂದ್ರಿಗೆ ಜ್ವರ ಹಿಡಿಯಿತು. ಮೆಲುಕು ನಿಂತಿತು. ಕೆಮ್ಮಿದರೆ ಪಕ್ಕೆಲುಬೆಲ್ಲ ಅಲುಗುತ್ತಿದ್ದವು. ಅಪ್ಪನ ತಾಯಿ, ನಮ್ಮ ಆಯಿ, ದನಕರುಗಳ ವಿಷಯದಲ್ಲಿ ಓಣಿಗೇ ದೊಡ್ಡವಳು. ಬೇವಿನ ಸೊಪ್ಪಿನ ಹೊಗೆ ಹಾಕಿ, ಬೆನ್ನಿಗೆ ಕಂಬಳಿ ಹೊದಿಸಿ ಅಪ್ಪಣೆ ಮಾಡಿದಳು: "ಥಂಡಿ ಹೊಕ್ಕೈತಿ. ಯಾರೂ ನೀರು ತೋರಸಬ್ಯಾಡ್ರಿ."

ಅವ್ವ ಸದ್ದಿಲ್ಲದೆ ಧಾರವಾಡಕ್ಕೆ ಹೋಗಿ ದನದ ಡಾಕ್ಟರಿಗೆ ಹೇಳಿ ಬಂದಳು. ಕೆಸರಿನಲ್ಲಿ ಸೈಕಲ್ ನೂಕುತ್ತ ಬಂದ ಅವರು ಇನ್ನೂ ಎಳೆಯ ವಯಸ್ಸಿನವರು. ಚೀಲದಿಂದ ದೊಡ್ಡ ಬಿಳಿ ಗುಳಿಗೆಗಳನ್ನು ತೆಗೆದರು.

"ಸಲ್ಫಾ ಅಂತಾರ್ರಿ ಇದಕ್ಕ, ಹೊಸಾ ಔಷಧ. ಗೊಟ್ಟದಾಗ ಹಾಕಿ ಸುರೀಬ್ಯಾಡ್ರಿ. ಕೆಮ್ಮೋ ದನ, ಶ್ವಾಸದಾಗ ಹೊಕ್ಕೋತೈತಿ. ಪುಡಿ ಮಾಡಿ ಬೆಲ್ಲದಾಗ ಕಲಸಿ ನಾಲಿಗಿಗೆ ಸವರ್ರಿ. ಮ್ಯಾಲ ಹೊಟ್ಟಿ ತುಂಬ ನೀರು ಕುಡಸ್ರಿ."

ದನಕ್ಕೆ ಬಾಯಿಗೆ ಸುರಿಯುವ ಬಿದಿರಿನ ಗೊಟ್ಟವನ್ನು ಹಿಡಿದು ಸಿದ್ಧಳಾಗಿದ್ದ ಆಯಿಗೆ ಮೊದಲ ಅವಮಾನ ಅಲ್ಲೇ ಆಯಿತು. ಗುಳಿಗೆಗೆ ಹೇಗೋ ಒಪ್ಪಿದಳು. ಡಾಕ್ಟರು ಅತ್ತ ಹೋದದ್ದೇ ತಡ, ಚಂದ್ರಿಗೆ ನೀರಿಡುವ ಬಕೀಟು ಬೋರಲು ಹಾಕಿ ಅದರ ಮೇಲೆ ತಾನೇ ಕೂತಳು.

ಮರುದಿನ ಜ್ವರವೇನೋ ಇಳಿದಿತ್ತು. ಆದರೆ ಚಂದ್ರಿ ತಿಣುಕಿದರೂ ಉಚ್ಚೆ ಹನಿಹನಿಯಾಗಿ, ಕೆಂಪಗೆ ಬೀಳುತ್ತಿತ್ತು. ಅವ್ವ ತಡಮಾಡದೆ ಮತ್ತೆ ಡಾಕ್ಟರಿಗೆ ಹೇಳಿ ಕಳಿಸಿದಳು.

"ನೋಡಿದಿ? ಆ ಗುಳಿಗಿ ಒಳಗ ಸುಡಾಕತ್ತೈತಿ" ಎಂದಳು ಆಯಿ.

ಡಾಕ್ಟರು ಬಂದು ನೋಡಿ, "ನೀರು ಎಷ್ಟು ಕುಡಸೀರಿ?" ಎಂದು ಕೇಳಿದರು. ಆಯಿ ಚಂದ್ರಿಯ ಕಂಬಳಿ ಸರಿಪಡಿಸತೊಡಗಿದಳು. ನನಗೆ ತಡೆಯಲಾಗಲಿಲ್ಲ. "ಒಂದು ಹನೀನೂ ಇಲ್ರಿ!"

"ನೀರಿಲ್ಲದಿದ್ರ ಈ ಔಷಧ ಮೂತ್ರದ ದಾರ್ಯಾಗ ಹರಳು ಕಟ್ಟತೈತ್ರಿ ಆಯಿ. ಇವತ್ತು ಕುಡದ್ರ ಉಳೀತೈತಿ. ಇಲ್ಲಂದ್ರ ನಾಳೆ ನಾ ಬರೂದು ಬೇಕಾಗೂದಿಲ್ಲ."

ಆಯಿ ಬೋರಲು ಹಾಕಿದ್ದ ಬಕೀಟನ್ನು ಎತ್ತಿ ನೆಟ್ಟಗಿಟ್ಟಳು. "ತಣ್ಣೀರು ನಾ ಕೊಡಾಂಗಿಲ್ಲ. ಕಾಸಿದ್ದಾದ್ರ ಕೊಡ್ತೇನಿ."

"ಕಾಸೇ ಕೊಡ್ರಿ. ಆದ್ರ ಲಗೂ ಕೊಡ್ರಿ!"

ನಮ್ಮ ಕಟ್ಟಿಗೆಯೆಲ್ಲ ಹಸಿ, ಒಲೆ ಹೊಗೆಯಾಡುತ್ತಿತ್ತೇ ಹೊರತು ಉರಿಯುತ್ತಿರಲಿಲ್ಲ. ಲಂಗ ಎತ್ತಿ ಕಟ್ಟಿ ಓಣಿಗೆ ಓಡಿದೆ. ಎಲ್ಲರ ಮನೆಯಲ್ಲೂ ಬಚ್ಚಲ ಹಂಡೆ ಕಾದಿದ್ದ ಹೊತ್ತು. "ಚಂದ್ರಿಗೆ ಬಿಸಿನೀರು ಕೊಡ್ರೀ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಕೊಡಗಳ ಮೇಲೆ ಕೊಡ ಬಂದವು. ಗಾಡಿಗಾಲಿ ಮಾಡುವ ಹುಸೇನಸಾಬ ಕಾಕಾ ತಲೆಗೆ ಸಾಬೂನು ಹಚ್ಚಿಕೊಂಡವನು ಹಾಗೇ ಹಂಡೆ ಎತ್ತಿಕೊಂಡು ಬಂದ. "ನನ್ನ ತಲಿ ನಾಳೆ ತೊಳಕೋತೇನಿ, ಎಮ್ಮಿ ಮೊದಲ ಕುಡೀಲಿ" ಎಂದ. ನೊರೆ ಕಣ್ಣಿಗಿಳಿದು ಒಂದೇ ಸಮನೆ ಬೈಯುತ್ತಿದ್ದ.

ಆಯಿ ದನ ಕುಡಿಯುವ ಬಾನಿಗೆ ಬಿಸಿನೀರು ಸುರಿದು, ತಣ್ಣೀರು ಬೆರೆಸಿ ಹದ ಮಾಡಿ, ಹಿಡಿ ಜೋಳದ ಹಿಟ್ಟು ಕದಡಿ, "ಕುಡಿ ನನ್ನವ್ವಾ" ಎಂದು ಕತ್ತು ನೀವಿದಳು. ಚಂದ್ರಿ ಮೂಸಿ ಮುಖ ತಿರುಗಿಸಿದಳು. ಮತ್ತೆ ಮೂಸಿದಳು. ಆಮೇಲೆ ಎಂಥ ಕುಡಿತ! ಬಾನಿ ತುಂಬಿದ ಹಾಗೇ ಬರಿದಾಗುತ್ತಿತ್ತು.

ಸಂಜೆ ಹೊತ್ತಿಗೆ ಚಂದ್ರಿ ಬಾಲವೆತ್ತಿ ಧಾರಾಳವಾಗಿ ಉಚ್ಚೆ ಹೊಯ್ದಳು. ಕೊಟ್ಟಿಗೆಯ ಮುಂದೆ ನೆರೆದಿದ್ದ ಓಣಿಗೆ ಓಣಿಯೇ ಹೋ ಎಂದು ಕೂಗಿ ಚಪ್ಪಾಳೆ ತಟ್ಟಿತು. ಅವ್ವ ಅಳುತ್ತಲೇ ನಗುತ್ತಿದ್ದಳು. ಅಂಥ ಗೆಲುವು ನಾನು ಮತ್ತೆ ಕಂಡಿಲ್ಲ. ಚಂದ್ರಿ ಮೆಲುಕು ಹಾಕತೊಡಗಿದ ದಿನ ಆಯಿ ಡಾಕ್ಟರಿಗೆ ಗಟ್ಟಿ ಮೊಸರು ಕೊಟ್ಟು ಹೇಳಿದಳು: "ನನ್ನ ಬಿಸಿನೀರಿಗೆ ಎದ್ದಳು."

"ಖರೇ ಆಯಿ. ಗುಳಿಗಿ ಸುಮ್ನ ಜೋಡಿಗೆ ಬಂದಿತ್ತು" ಎಂದು ಡಾಕ್ಟರು ನಕ್ಕರು.

ಈಗ ಅದಕ್ಕಿಂತ ಬಲವಾದ ಔಷಧಗಳಿವೆ, ಫೋನು ಮಾಡಿದರೆ ಡಾಕ್ಟರು ಬರುತ್ತಾರೆ. ನನಗೆ ಅದರ ಸಂತೋಷವೇ ಇದೆ. ಮೊನ್ನೆ ಮುಗದಕ್ಕೆ ಹೋದಾಗ ಅದೇ ಓಣಿಯಲ್ಲಿ ಯಾರದೋ ಎಮ್ಮೆ ಕೆಮ್ಮುತ್ತಿತ್ತು. ಯಾರ ಎಮ್ಮೆಯೆಂದು ಪಕ್ಕದ ಮನೆಯವರನ್ನು ಕೇಳಿದೆ. ಅವರಿಗೆ ಗೊತ್ತಿರಲಿಲ್ಲ.